ಇಬ್ಬನಿ ಇರುವಾಗಲೇ

ಪುಷ್ಯದ ಚಳಿ. ವೇದಗಂಗೆಯ ಮೇಲಿಂದ ಮಂಜು
ಎದ್ದು ಬಂದು ಭೋಜದ ಎರೆಹೊಲದಲ್ಲಿ ಕೂತಿತ್ತು,
ಹೊರಡುವ ಮನಸ್ಸಿಲ್ಲದ ಬೀಗರ ಹಾಗೆ.
ಹೌಸಾ ಅತ್ತಿ ನನ್ನ ಕಂಬಳಿ ಎಳೆದಳು:
"ಏಳ, ಬಿಸಲ ಬರೂದ್ರಾಗ ಎಲಿ ಮಗ್ಗಲಾ ಹೊರಳಸೂಣ."

ಕೊಯ್ದು ಹನ್ನೊಂದು ದಿನ.
ಕಬ್ಬಿನ ನಡುವೆ ಉಳಿದ ಹದಿನಾಲ್ಕು ಗುಂಟೆಯಲ್ಲಿ
ಬೋರಲು ಮಲಗಿದ ತಂಬಾಕಿನ ಗಿಡಗಳು.
ಹಗಲೆಲ್ಲ ಬಿಸಿಲು ಹಪ್ಪಳ ಮಾಡುತ್ತದೆ,
ರಾತ್ರಿ ಇಬ್ಬನಿ ಮತ್ತೆ ತೊಗಲು ಮಾಡುತ್ತದೆ.
ಒಣಗು, ನೆನೆ. ಒಣಗು, ನೆನೆ.
ಹಸಿರು ಹೋಗಿ ಅರಿಶಿನ, ಅರಿಶಿನ ಹೋಗಿ
ಹಳೆಯ ಕೊಲ್ಹಾಪುರಿ ಚಪ್ಪಲಿಯ ಬಣ್ಣ.
ಅವಸರ ಮಾಡಿದರೆ ಹಸಿರು ಒಳಗೇ ಸತ್ತು ಉಳಿಯುತ್ತದೆ,
ಅಂಥ ಎಲೆಯ ಹೊಗೆ ಗಂಟಲು ಕೆರೆಯುತ್ತದಂತೆ.
ಅತ್ತಿಗೆ ಹೇಗೆ ಗೊತ್ತು? ಬೀಡಿ ಸೇದಿದವಳಲ್ಲ.
ಮಿಶ್ರಿ ಹಚ್ಚುತ್ತಾಳೆ, ಅಷ್ಟೆ; ಹಂಚಿನ ಮೇಲೆ ಹುರಿದು,
ತೋರುಬೆರಳಿಂದ, ಹಿತ್ತಲ ಕಲ್ಲಿನ ಮೇಲೆ ಕೂತು,
ಯಾರ ಜೊತೆಗೂ ಮಾತು ಬೇಡವೆನಿಸಿದಾಗ.

ಒಮ್ಮೆ ಮಧ್ಯಾಹ್ನ ಮುಟ್ಟಿಬಿಟ್ಟೆ.
ಎಲೆ ಕೈಯಲ್ಲೇ ಚರಚರ ಚೂರಾಯಿತು.
ಅವಳು ಬೈಯಲಿಲ್ಲ. ಚೂರೆಲ್ಲ ಸೆರಗಿಗೆ ಆರಿಸಿಕೊಂಡು
"ಒಣಗಿದ್ದನ್ನ ಮುಟ್ಟಬಾರದವ್ವಾ,
ತಾನಾ ಮೆತ್ತಗಾಗಾಕ ಬಿಡಬೇಕು" ಅಂದಳು.
ಅಂದು, ಯಾಕೋ, ಮಾವ ಕೂತಿದ್ದ ಕಡೆ ನೋಡಿದಳು.

ನೆನೆದ ಎಲೆಯ ನೀರು ಮೊಣಕೈಗೆ ಇಳಿಯುತ್ತದೆ.
ಎರಡು ಸಾಲು ಮುಗಿಯುವಷ್ಟರಲ್ಲಿ ತಲೆ ಗಿರ್ರೆಂದು
ಬದುವಿಗೆ ಹೋಗಿ ಕಕ್ಕಿ ಬಂದೆ.
"ಮೊದಲ್ನೇ ವರ್ಷ ಎಲ್ಲಾರಿಗೂ ಹಂಗ"
ಅಂದಳು, ಬೆಲ್ಲದ ಚೂರು ಕೈಗಿಟ್ಟು.
ಹುಣಸೆ ತಿಕ್ಕಿ, ಬೂದಿ ತಿಕ್ಕಿ, ತೊಳೆದ ಕೈಯಿಂದ ಬಡಿದ
ರೊಟ್ಟಿಯೂ ಕಹಿ ಈ ತಿಂಗಳು.
ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.
ಶೇಂಗಾ ಹಿಂಡಿ ಒಂದು ಚಮಚ ಜಾಸ್ತಿ ಹಾಕಿಕೊಳ್ಳುತ್ತಾರೆ.

ಆಮೇಲೆ ಮೋಡ ಕವಿಯಿತು. ಮೂರು ರಾತ್ರಿ ಇಬ್ಬನಿ ಇಲ್ಲ.
ನಸುಕಿನಲ್ಲಿ ಹೋದರೆ ಹೊಲವೆಲ್ಲ ಕಾಗದ.
ನಿಪ್ಪಾಣಿಯ ವಖಾರಿಯಿಂದ ಭೂಪಾಲ ಬಂದ,
ಗಾಡಿ ಆರಿಸದೆಯೇ ಹೇಳಿದ:
"ನೀರ ಹೊಡದು ಕಟ್ಟಿಬಿಡ್ರಿ, ಶನಿವಾರ ಟ್ರಕ್ ಬರತೈತಿ."
ಮಾವ ಕೊಡ ಎತ್ತಿದ.
ಅತ್ತಿ ಕೊಡದ ಬಾಯಿಯ ಮೇಲೆ ಕೈ ಇಟ್ಟಳು.
ಇಪ್ಪತ್ತಾರು ವರ್ಷದಲ್ಲಿ ಅವಳು ಅವನಿಗೆ
ಕೈ ಅಡ್ಡ ಹಿಡಿದದ್ದನ್ನು ಯಾರೂ ಕಂಡಿಲ್ಲ.
"ಕೊಡದ ನೀರು ಬಿದ್ದಲ್ಲೇ ಕುಂದರತೈತಿ, ಕರೀ ಕಲಿ ಮಾಡತೈತಿ.
ಮುಗಲಿನ ನೀರು ಎಲಿ ಕೇಳಿದಷ್ಟ ಕೊಡತೈತಿ."
ಮಾವ ಕೊಡ ಇಳಿಸಿದ. ದನದ ಕಡೆ ಹೋದ.

ನಾಲ್ಕನೆಯ ರಾತ್ರಿ ಮುಗಿಲು ಬಿಚ್ಚಿತು. ಚುಕ್ಕಿ ಕಂಡವು.
ನಾವು ಹೋಗುವಾಗ ಕೊನೆಯ ಸಾಲಿನಲ್ಲಿ ಆಗಲೇ ಒಬ್ಬರು ಬಗ್ಗಿದ್ದರು,
ಗೋಣಿಚೀಲದ ಕೊಪ್ಪೆ ಹಾಕಿಕೊಂಡು. ಮಾವ.
ಹೆಂಗಸರ ಕೆಲಸವೆಂದು ಎಂದೂ ಕಲಿಯದವ,
ಎಲೆಯ ತುದಿ ಹಿಡಿದು ಎತ್ತುತ್ತಿದ್ದ.
"ದೇಟು ಹಿಡೀರಿ" ಅಂದಳು ಅತ್ತಿ, ತಿರುಗಿ ನೋಡದೆ.
ದೇಟು ಹಿಡಿದ.
ಬೆಳಕು ಹರಿದಾಗ ಎಲೆಯ ಮೇಲೆಲ್ಲ ಕೆಂಪು ಚುಕ್ಕಿ.
"ಎಲಿಗೆ ಸಿಡಬು ಬಿತ್ತಂದ್ರ ನಮಗ ಬಂಗಾರ."
ಅವನು ಏನೂ ಅನ್ನಲಿಲ್ಲ; ವಾಂತಿ ತಡೆದುಕೊಂಡಿದ್ದ,
ಮುಖ ಬೆಳ್ಳಗಾಗಿತ್ತು.
ಅವಳ ಸೊಂಟದ ಗಂಟಿನಲ್ಲಿ ಬೆಲ್ಲ ಇತ್ತು.

ಶನಿವಾರವಲ್ಲ, ಮಂಗಳವಾರ ಬಂತು ಟ್ರಕ್ಕು.
ಭೂಪಾಲ ಒಂದು ಎಲೆ ಎಳೆದು ಅಂಗೈಯಲ್ಲಿ ಹಿಸುಕಿ,
ಮೂಸಿ, ಕಣ್ಣು ಮುಚ್ಚಿ, ಕಡಿಮೆ ದರ ಹೇಳಿದ.
ಅತ್ತಿ ಏರಿಸಿದಳು. ಅವನು ಅರ್ಧಕ್ಕೆ ಬಂದ.
ತೂಕವಾಯಿತು, ಹಗ್ಗ ಬಿಗಿಯಿತು, ಡ್ರೈವರ ಹಾರ್ನ್ ಹೊಡೆದ.
ಎಲ್ಲರೂ ಸರಿದರು. ಅವಳು ಅಲ್ಲೇ ನಿಂತು
ಸೆರಗು ಚಾಚಿದಳು:
"ಮುಟಗಿಯೊಳಗಿಂದು ಇಲ್ಲಿ ಹಾಕು."